ಮಾನ್ವಿಗೆ ಒಂದೂವರಿ ತಾಸು

…ನಗಬ್ಯಾಡ, ಅಕ್ಕಾ. ಖರೇನೇ ಹೇಳ್ಲಿಕ್ಕತ್ತೀನಿ. ಸಂಜಿ ರೈಲಿಗೆ ಇಬ್ಬರದೂ ಟಿಕೆಟ್ ತಗಸೀನಿ. ಏಳು, ನಾಲ್ಕು ಸೀರಿ ತಗೋ, ನನ್ನ ಜೋಡಿ ಪುಣಾಕ್ಕ ನಡಿ.

ತಲಿ ಅಲ್ಲಾಡಿಸಬ್ಯಾಡ. ಮೌನ ಅದ, ಗೊತ್ತದ. ಲಕ್ಷಬತ್ತಿ ಹೊಸಿಯೋವಾಗ ಮಾತಾಡಬಾರದು, ಮಡಿಯೊಳಗ ಯಾರನ್ನೂ ಮುಟ್ಟಬಾರದು. ದೇಶ ಸುತ್ತೋ ತಂಗಿ ಆದರೇನು, ಅಷ್ಟು ಮರತಿಲ್ಲ. ನೋಡು, ಹೊಸ್ತಿಲದ ಈಚೆ ಕುಂತೀನಿ. ಹಂಗಂತ ಕಿವಿಗೇನೂ ಮಡಿ ಇಲ್ಲಲ್ಲ, ಕೇಳಸ್ಕೋ.

ಲಕ್ಷ ಬತ್ತಿ ಹೊಸಿಯೋದು, ತುಪ್ಪದಾಗ ಅದ್ದೋದು, ಮಠದಾಗ ಒಂದೇ ಸಂಜಿ ಸುಟ್ಟುಬಿಡೋದು. ಏನು ಉಳೀತದ, ಹೇಳು? ಮಸಿ. ಶೇಷಗಿರಿ ಭಾವ ಹೋದಾಗಿಂದ ಇದನ್ನೇ ಹಿಡಕೊಂಡು ಕುಂತೀ. ಇದಕ್ಕ ನಾವು ಮನಶ್ಶಾಸ್ತ್ರದವರು ಏನಂತೀವಿ ಗೊತ್ತದೇನು? ಸಾವಿನ ಅಂಜಿಕಿಗೆ ಮುಸುಕು ಹಾಕೋದು ಅಂತೀವಿ.

ಯಾಕ, ಹುಬ್ಬು ಏರಿಸಿದಿ? ಇದೇ ಮಾತಿಗೆ ನೈರೋಬಿಯೊಳಗ ಜನ ಎದ್ದು ನಿಂತು ಚಪ್ಪಾಳಿ ಹೊಡದಾರ. ಲಿಸ್ಬನ್ನಿನಾಗ ಒಬ್ಬಾಕಿ ಅತ್ತಳು. "ಬದುಕಿನ ಅರ್ಥ ಯಾರೂ ತಾಟಿನಾಗ ಬಡಸೋದಿಲ್ಲ, ನಾವೇ ಅಡಗಿ ಮಾಡ್ಕೋಬೇಕು" ಅಂದಿದ್ದೆ. ಆಮ್ಯಾಲೆ ಹೋಟೆಲ್ ಖೋಲಿಗೆ ಬಂದು ಬಿಸ್ಕಿಟ್ ತಿಂದು ಮಲಗಿದೆ. ಆ ಮಾತು ಬ್ಯಾರೆ.

ಹೋದ ತಿಂಗಳು ಪುಣಾದ ಶಿಬಿರದಾಗ ಒಬ್ಬ ಮುದುಕ ಎದ್ದು ಕೇಳಿದ: "ಮೇಡಂ, ನೀವು ಮುಂಜಾನಿ ಯಾತಕ್ಕ ಏಳ್ತೀರಿ?" ಏನೋ ಚಾಷ್ಟಿ ಮಾಡಿದೆ. ಎಲ್ಲಾರೂ ನಕ್ಕರು. ಅಂವ ಒಬ್ಬ ನಗಲಿಲ್ಲ.

…ಈಗ ನೀನೂ ನಗವಲ್ಲಿ.

ಇರಲಿ. ನಿನ್ನ ಸುದ್ದಿಗೆ ಬರೋಣ. ಇಲ್ಲಿ ಒಬ್ಬಾಕಿನೇ ಇದ್ದು ಏನು ಮಾಡ್ತೀ? ನನಗ ನಿನ್ನದೇ ಚಿಂತಿ. ನಿನ್ನೆ ಮುಂಜಾನಿ ರಾಯಚೂರಾಗ ರೈಲು ಇಳದಾಗಲೇ ಅನಕೊಂಡಿದ್ದೆ, ಅಕ್ಕನ್ನ ಕರಕೊಂಡೇ…

ಯಾಕ, ಕೈ ಯಾಕ ನಿಂತು?

ಹೌದು. ನಿನ್ನ ಬಾಗಲಕ್ಕ ಬಂದಾಗ ದೀಪ ಹಚ್ಚೋ ಹೊತ್ತು ಆಗಿತ್ತು. ಬಸ್ ಸಿಗಲಿಲ್ಲ. …ಹಂಗ ನೋಡಬ್ಯಾಡ. ಒಂದೂವರಿ ತಾಸಿನ ಹಾದಿ, ರಾಯಚೂರಿಂದ ಮಾನ್ವಿಗೆ ಬಸ್ ಸಿಗಲಿಲ್ಲ ಅಂದ್ರ ನಾಯಿನೂ ನಗತದ, ನನಗೂ ಗೊತ್ತದ. ರಾಯಚೂರಾಗ ನನ್ನ ಸಾಲಿ ಗೆಳತಿ ಲಲಿತಾನ್ನ ನೋಡ್ಲಿಕ್ಕೆ ಹೋಗಿದ್ದೆ. …ಹೂಂ, ಲಲಿತಾ ಊರು ಬಿಟ್ಟು ಹೈದರಾಬಾದಿಗೆ ಹೋದಳು ಅಂತ ನೀನೇ ಫೋನಿನಾಗ ಹೇಳಿದ್ದಿ.

ಏನರೆ ಅನ್ನು, ಅಕ್ಕಾ. ಬೈಯರೆ ಬೈ.

ಆಟೋ ಮಾಡ್ಕೊಂಡು ಹೊಳಿಗೆ ಹೋಗಿದ್ದೆ. ಕೃಷ್ಣಾ ಸೇತುವಿಗೆ. ಸುಮ್ಮನ, ನೀರು ನೋಡ್ಲಿಕ್ಕೆ. …ಇಡೀ ದಿನ ಯಾರು ನೀರು ನೋಡ್ತಾರ, ಅಲ್ಲ? ಕಟಕಟಿ ಹಿಡಕೊಂಡು ನಿಂತಿದ್ದೆ. ಲಾರಿ ಬಂದಾಗೊಮ್ಮೆ ಸೇತುವಿ ನಡಗತಿತ್ತು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಬ್ಯಾಡ ಅನ್ನೋರು ಯಾರೂ ಇಲ್ಲ. ಅದಕ್ಕೇ ಎಲ್ಲಿಗೂ ಕಾಲು ಏಳಲಿಲ್ಲ.

ಟಿಕೆಟ್ ಒಂದೂ ಇಲ್ಲ, ಅಕ್ಕಾ. ಪುಣಾದ ಮನಿ ಖಾಲಿ ಮಾಡಿ ಬಂದೀನಿ. ನಿನ್ನ ಕರಕೊಂಡು ಹೋಗಬೇಕು ಅನ್ನೋ ನೆವ ಒಂದು ಆ ಸೇತುವಿ ಮ್ಯಾಲೆ ಸಿಗದಿದ್ರ…

ಯಾಕ ಏಳ್ತೀ? ಬತ್ತಿ ಎಲ್ಲಾ ಚೆಲ್ಲಿದ್ವು ನೋಡು. ಹೊಸ್ತಿಲಾ ದಾಟಬ್ಯಾಡ, ನಂದಿನ್ನೂ ಸ್ನಾನ ಆಗಿಲ್ಲ… ಅಕ್ಕಾ, ಮಡಿ ಕೆಡ್ತದ. ಕೈ ಬಿಡು.

…ಬಿಡಬ್ಯಾಡ.