ಹರಕೆಯ ಕಟ್ಟಿಗೆ

ಕುಳಿತುಕೊಳ್ಳಿ. ಬಾಗಿಲ ಹತ್ತಿರ ನಿಂತವರೂ ಒಳಗೆ ಬಂದು ಕುಳಿತುಕೊಳ್ಳಿ. ಫ್ಯಾನಿನ ಕೆಳಗಿನ ಜಾಗಕ್ಕೆ ನೂಕಾಡಬೇಡಿ. ಇವತ್ತು ನಾನು ಹೇಳುವ ಮಾತಿಗೆ ಫ್ಯಾನಿನ ಕೆಳಗೆ ಕುಳಿತವರೂ ಬೆವರುತ್ತಾರೆ.

ನಿಮ್ಮ ಜಮಾತಿನ ಅಧ್ಯಕ್ಷರು ನನ್ನನ್ನು ಪಕ್ಕದ ಜಿಲ್ಲೆಯಿಂದ ಕರೆಸಿದ್ದು ತಾಳ್ಮೆಯ ಬಗ್ಗೆ ಪ್ರವಚನ ಮಾಡಲಿಕ್ಕೆ. ಕರಪತ್ರದಲ್ಲೂ ಹಾಗೇ ಅಚ್ಚಾಗಿದೆ. ಕ್ಷಮಿಸಬೇಕು, ಬಸ್ಸು ಇಳಿಯುವಾಗ ನನ್ನ ಹತ್ತಿರ ತಾಳ್ಮೆ ಇತ್ತು. ಮಧ್ಯಾಹ್ನದ ನಮಾಜು ಮುಗಿಸಿ ನಿಮ್ಮ ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದೆ ನೋಡಿ, ಅದೆಲ್ಲ ಖರ್ಚಾಗಿ ಹೋಯಿತು. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಕಥೆ ಕೇಳಿ.

ಬಾಬೆಲ್ ಎಂಬ ಪಟ್ಟಣದಲ್ಲಿ ಒಬ್ಬ ರಾಜ ಇದ್ದ. ನಮ್ರೂದ್ ಎಂದು ಅವನ ಹೆಸರು. ಅವನ ಕಥೆಯನ್ನು ನಮ್ಮ ಹಿರಿಯರೂ ಹೇಳುತ್ತಾರೆ, ಯಹೂದಿಗಳ ಹಿರಿಯರೂ ಹೇಳುತ್ತಾರೆ. ಮುಗಿಲು ಮುಟ್ಟುವ ಗೋಪುರ ಕಟ್ಟಿಸಿದವನು, ಆಕಾಶಕ್ಕೇ ಬಾಣ ಬಿಟ್ಟವನು, ಬದುಕಿಸುವವನೂ ನಾನೇ, ಸಾಯಿಸುವವನೂ ನಾನೇ ಎಂದು ಮೆರೆದವನು. ಅವನ ಮೂಗಿನೊಳಗೆ ಸೊಳ್ಳೆ ಹೊಕ್ಕ ಕಥೆ ನಿಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಸೊಳ್ಳೆ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ತಲೆಗೆ ಚಪ್ಪಲಿಯಿಂದ ಹೊಡೆದರೆ ಮಾತ್ರ ಸುಮ್ಮನಾಗುತ್ತಿತ್ತು. ದರ್ಬಾರಿಗೆ ಬಂದವರೆಲ್ಲ ಸಲಾಮು ಹಾಕುವ ಬದಲು ರಾಜನ ತಲೆಗೆ ಒಂದು ಬಾರಿಸಿ ಹೋಗುತ್ತಿದ್ದರಂತೆ. ನೋಡಿ, ನೋಡಿ, ನಗುತ್ತಿದ್ದೀರಿ! ಈ ಕಥೆಗೆ ಯಾವಾಗಲೂ ನಗುತ್ತೀರಿ. ಯಾಕೆ ಗೊತ್ತೇ? ಅದರಲ್ಲಿ ಏಟು ಬೀಳುವುದು ರಾಜನಿಗೆ, ನಿಮಗಲ್ಲ. ಇವತ್ತು ಸೊಳ್ಳೆಯ ಕಥೆ ಇಲ್ಲ. ಇವತ್ತು ಕಟ್ಟಿಗೆಯ ಕಥೆ.

ಆ ಊರಿನಲ್ಲಿ ಪ್ರವಾದಿ ಇಬ್ರಾಹೀಮರು ಇದ್ದರು, ಅವರ ಮೇಲೆ ಶಾಂತಿಯಿರಲಿ. ಆಗಿನ್ನೂ ತರುಣರು. ಅವರು ರಾಜನ ಮುಂದೆ ನಿಂತು ಕೇಳಿದರು: ದೇವರು ಸೂರ್ಯನನ್ನು ಪೂರ್ವದಿಂದ ತರುತ್ತಾನೆ, ನೀನು ದೇವರಾಗಿದ್ದರೆ ಒಂದು ದಿನ ಪಶ್ಚಿಮದಿಂದ ತಂದು ತೋರಿಸು. ಅಷ್ಟೇ. ಕೈಯಲ್ಲಿ ಕತ್ತಿ ಇಲ್ಲ, ಹಿಂದೆ ಸೈನ್ಯ ಇಲ್ಲ. ಒಂದು ಪ್ರಶ್ನೆ. ರಾಜನ ಬಾಯಿ ಕಟ್ಟಿಹೋಯಿತು. ಉತ್ತರ ಇಲ್ಲದ ದೊಡ್ಡ ಮನುಷ್ಯ ಏನು ಮಾಡುತ್ತಾನೆ? ಕೇಳಿದವನನ್ನು ಸುಡುತ್ತಾನೆ. ಅಂದಿನಿಂದ ಇಂದಿನವರೆಗೆ ಇದೇ ಪದ್ಧತಿ.

ಊರಲ್ಲೆಲ್ಲ ಡಂಗುರ ಸಾರಿಸಿದ. ಇವನನ್ನು ಸುಡಲು ಬೆಟ್ಟದಂಥ ಬೆಂಕಿ ಬೇಕು, ಪ್ರತಿಯೊಂದು ಮನೆಯಿಂದಲೂ ಕಟ್ಟಿಗೆ ಬರಲಿ. ನೋಡಿ, ರಾಜನಿಗೆ ಕಾಡು ಇರಲಿಲ್ಲವೇ? ಕಡಿಯಲು ಆಳುಗಳಿರಲಿಲ್ಲವೇ? ಹೊರಲು ಒಂಟೆಗಳಿರಲಿಲ್ಲವೇ? ಎಲ್ಲ ಇತ್ತು. ಆದರೂ ಮನೆಮನೆಯಿಂದ ತರಿಸಿದ. ನಾಳೆ ಊರಿನಲ್ಲಿ ಒಬ್ಬನಾದರೂ ನನ್ನ ಕೈ ಚೊಕ್ಕಟವಾಗಿದೆ ಎನ್ನಬಾರದು, ಅದಕ್ಕೆ. ಎಂಥ ಬುದ್ಧಿವಂತ! ಸುಡುವ ಆಸೆ ಅವನದು, ಕಟ್ಟಿಗೆ ಊರಿನದು.

ಇನ್ನೂ ಒಂದು ಮಾತು ಹಿರಿಯರು ಹೇಳುತ್ತಾರೆ. ಜನ ಆ ಬೆಂಕಿಗೆ ಕಟ್ಟಿಗೆಯನ್ನು ಹರಕೆ ಹೊತ್ತರಂತೆ! ನನ್ನ ಕಾಯಿಲೆ ವಾಸಿಯಾದರೆ ಒಂದು ಹೊರೆ ಕಟ್ಟಿಗೆ ಹಾಕುತ್ತೇನೆ, ನನ್ನ ಎಮ್ಮೆ ಸಿಕ್ಕರೆ ಒಂದು ಹೊರೆ, ಸೊಸೆ ಹಡೆದರೆ ಒಂದು ಹೊರೆ. ಒಬ್ಬ ನಿರಪರಾಧಿಯನ್ನು ಸುಡುವುದು ಪುಣ್ಯದ ಕೆಲಸ ಎಂದು ನಂಬಿ, ಮಿಂದು ಮಡಿಯಾಗಿ, ತಲೆಯ ಮೇಲೆ ಹೊತ್ತು ನಡೆದರು. ಪಾಪ ಮಾಡುತ್ತಿದ್ದೇನೆ ಎಂದು ಗೊತ್ತಿರುವವನಿಗೆ ನಿದ್ದೆಯಾದರೂ ಕೆಡುತ್ತದೆ. ಪುಣ್ಯ ಎಂದುಕೊಂಡು ಪಾಪ ಮಾಡುವವನು ಗೊರಕೆ ಹೊಡೆಯುತ್ತಾನೆ.

ಇಲ್ಲಿಂದ ಮುಂದಿನದು ಹಿರಿಯರು ಹೇಳಿದ್ದಲ್ಲ. ನಿಮಗಾಗಿ ನಾನೇ ಕಟ್ಟಿದ ದೃಷ್ಟಾಂತ. ಸ್ವಾಮೀ, ಇದು ಯಾವ ಗ್ರಂಥದಲ್ಲಿದೆ ಎಂದು ನಾಳೆ ನನ್ನ ಜುಬ್ಬಾ ಹಿಡಿದು ಕೇಳಬೇಡಿ.

ಆ ಊರಿನಲ್ಲಿ ಒಬ್ಬ ವಿಧವೆ ಇದ್ದಳು. ಅರಳೆ ನೂತು ಹೊಟ್ಟೆ ಹೊರೆಯುವವಳು. ಅರಳೆ ಹಿಂಜಿ ಗಾದಿ ಹೊಲಿಯುವ ನಿಮ್ಮ ಹಾಗೇ ಹತ್ತಿಯ ಕಸುಬಿನವಳು ಎಂದುಕೊಳ್ಳಿ. ಒಬ್ಬಳೇ ಮಗಳು. ಆ ಕೂಸಿಗೆ ಜ್ವರ ಬಂತು, ಇಳಿಯಲೇ ಇಲ್ಲ. ತಾಯಿ ಮಾಡಬಹುದಾದ್ದೆಲ್ಲ ಮಾಡಿದಳು. ಕೊನೆಗೆ ಊರವರು ಹೊತ್ತ ಹರಕೆಯನ್ನೇ ಅವಳೂ ಹೊತ್ತಳು. ಕೂಸು ಉಳಿದರೆ ಆ ಬೆಂಕಿಗೆ ಒಂದು ಹೊರೆ ಕಟ್ಟಿಗೆ. ಮಾರನೆಯ ದಿನವೇ ಜ್ವರ ಬಿಟ್ಟಿತು! ನೂಲು ಮಾರಿ ಕಟ್ಟಿಗೆ ಕೊಂಡಳು. ಮನೆಯ ಒಲೆಗೆ ಒಂದು ಸಿಬಿರನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಹೊತ್ತುಕೊಂಡು ಹೋಗಿ ರಾಜನ ರಾಶಿಗೆ ಹಾಕಿ ಬಂದಳು.

ಮನೆಗೆ ಬಂದರೆ ಹಾಸಿಗೆಯಲ್ಲಿ ಮಗಳು ಎದ್ದು ಕುಳಿತಿದ್ದಾಳೆ.

"ಯವ್ವಾ, ಹಸಿವಿ ಆಗೈತಿ. ಬಿಸಿ ಅಂಬಲಿ ಮಾಡಿ ಕೊಡ."

"ಕಟ್ಟಿಗಿ ಇಲ್ಲವ್ವಾ. ಎಲ್ಲಾ ಹರಕಿಗೆ ಹಾಕಿ ಬಂದೆ."

"ಅದರಾಗ ಯಾರನ್ನ ಸುಡತಾರ?"

"ಯಾರೋ ಒಬ್ಬ ಹುಡುಗ ಅದಾನಂತ."

"ಅಂವ ಏನ್ ಮಾಡ್ಯಾನ?"

ತಾಯಿಗೆ ಅದು ಗೊತ್ತೇ ಇರಲಿಲ್ಲ! ಗೊತ್ತಿಲ್ಲದೆ ಒಬ್ಬನ ಚಿತೆಗೆ ಕಟ್ಟಿಗೆ ಹೊತ್ತಿದ್ದಳು. ಎದ್ದು ಪಕ್ಕದ ಮನೆಗೆ ಹೋಗಿ ಕೇಳಿದಳು. "ನನಗೇನ್ ಗೊತ್ತವ್ವಾ, ಎಲ್ಲಾರೂ ಹಾಕಿದ್ರು, ನಾನೂ ಹಾಕಿದೆ" ಎಂದಳು ಅಲ್ಲಿಯವಳು. ಎದುರು ಮನೆಯ ಮುದುಕನನ್ನು ಕೇಳಿದಳು. "ದೊಡ್ಡವರು ಸುಡ್ರಿ ಅಂದ್ರಂದ್ರ ಅದಕ್ಕ ಏನರ ಕಾರಣ ಇರತೈತಿ. ನಮಗ್ಯಾಕ ಬೇಕು ಆ ಉಸಾಬರಿ?" ಬಾಬೆಲಿನವರು ನಮ್ಮ ಕಡೆಯ ಕನ್ನಡ ಮಾತಾಡುತ್ತಿದ್ದರೇ ಎಂದು ಕೇಳಬೇಡಿ. ನೆಪ ಹೇಳುವಾಗ ಎಲ್ಲ ಊರಿನವರದೂ ಒಂದೇ ಭಾಷೆ.

ಅವಳು ಸೀದಾ ರಾಶಿಯ ಹತ್ತಿರ ಹೋದಳು. ಬೆಂಕಿ ಇನ್ನೂ ಹಚ್ಚಿರಲಿಲ್ಲ. ಹರಕೆ ಹೊತ್ತವರ ಸಾಲು ಹನುಮಂತನ ಬಾಲದಂತೆ ನಿಂತಿತ್ತು. ಕಾವಲುಗಾರನನ್ನೇ ಕೇಳಿದಳು.

"ಯಣ್ಣಾ, ಅಂವ ಏನ್ ತಪ್ಪು ಮಾಡ್ಯಾನ?"

"ರಾಜರನ್ನ ಪ್ರಶ್ನಿ ಕೇಳ್ಯಾನ."

"ಕೇಳಿ?"

"ಕೇಳಿ ಏನು? ಕೇಳಿದ್ದ ತಪ್ಪು."

"ಒಂದು ಪ್ರಶ್ನಿ ಕೇಳಿದ್ದಕ್ಕ ಇಷ್ಟೊಂದು ಕಟ್ಟಿಗಿ?"

ಇಷ್ಟು ಹೇಳಿ ಆ ಹೆಣ್ಣುಮಗಳು ಏನು ಮಾಡಿದಳು ಗೊತ್ತೇ? ರಾಶಿಗೆ ಕೈ ಹಾಕಿ ತನ್ನ ಹೊರೆಯನ್ನು ಎಳೆಯತೊಡಗಿದಳು. ಮೇಲೆ ಬೇರೆಯವರ ಹೊರೆಗಳು ಬಿದ್ದಿದ್ದವು. ಕೈ ಗೀರಿತು, ರಕ್ತ ಬಂತು. ಎಳೆದಳು. ಸಾಲಿನಲ್ಲಿದ್ದ ಜನ ಹೌಹಾರಿದರು. ಹರಕೆಯ ಕಟ್ಟಿಗೆಯನ್ನು ವಾಪಸು ಒಯ್ಯುವುದೇ? "ಏ ಹುಚ್ಚಿ, ಹರಕಿ ಮುರದ್ರ ಕೂಸು ಸಾಯತೈತಿ!" ಎಂದು ಕೂಗಿದರು. ಅವಳೂ ಅದನ್ನೇ ನಂಬಿದ್ದಳು. ಆ ಹೊರೆ ಎತ್ತಿದರೆ ಮಗಳು ಹೋಗುತ್ತಾಳೆ ಎಂಬ ಭಯ ಅವಳಿಗೆ ನಿಜವಾಗಿಯೂ ಇತ್ತು. ಭಯ ಇಲ್ಲದವಳು ಎಳೆದಿದ್ದರೆ ಅದರಲ್ಲೇನು ದೊಡ್ಡಸ್ತಿಕೆ?

ಕಾವಲುಗಾರ ನಕ್ಕ. "ನಿನ್ನ ಒಂದು ಹೊರಿ ಒಯ್ದ್ರ ಈ ಬೆಂಕಿ ಆರತೈತೇನಬೇ?"

"ಆರೂದಿಲ್ಲ, ಅದು ನನಗೂ ಗೊತ್ತೈತಿ. ಆದ್ರ ನನ್ನ ಕಟ್ಟಿಗಿಯಿಂದ ಉರಿಬಾರದು. ನನ್ನ ಕೂಸಿನ ಜೀವಕ್ಕ ಇನ್ನೊಬ್ಬರ ಕೂಸಿನ ಜೀವ ಲಂಚ ಕೊಡಾಕ ನಾ ಯಾರು?"

ಬೆನ್ನಿಗೆ ಬಾರುಕೋಲಿನ ಏಟು ಬಿತ್ತು. ಹೊರೆ ಬಿಡಲಿಲ್ಲ. ಮನೆಗೆ ಬಂದು ಒಲೆ ಹಚ್ಚಿ ಅಂಬಲಿ ಕಾಯಿಸಿದಳು. ಕೂಸು ಸತ್ತಿತೇ? ಕೇಳಬೇಕೆಂದು ನಿಮ್ಮೆಲ್ಲರ ಬಾಯಿ ತುರಿಸುತ್ತಿದೆ. ಕೂಸು ಅಂಬಲಿ ಕುಡಿಯಿತು, ಮಲಗಿತು, ಬೆಳಿಗ್ಗೆ ಎದ್ದು ಇನ್ನಷ್ಟು ಕೇಳಿತು. ಅದನ್ನು ಉಳಿಸಿದವನು ರಾಜನೂ ಅಲ್ಲ, ರಾಜನ ಬೆಂಕಿಯೂ ಅಲ್ಲ.

ಆ ಕಡೆ ಬೆಂಕಿ ಹಚ್ಚಿದರು. ಪ್ರವಾದಿಗಳನ್ನು ಎಸೆದರು. ತಣ್ಣಗಾಗು ಎಂದು ದೇವರು ಬೆಂಕಿಗೆ ಆಜ್ಞೆ ಮಾಡಿದ, ತಣ್ಣಗಾಯಿತು. ಅವರ ಕೈ ಕಟ್ಟಿದ್ದ ಹಗ್ಗ ಸುಟ್ಟಿತಂತೆ, ಅವರ ಮೈಗೆ ಏನೂ ಆಗಲಿಲ್ಲ. ದೇವರಿಗೆ ಆ ವಿಧವೆಯ ಸಹಾಯ ಬೇಕಿತ್ತೇ? ಬೇಕಿರಲಿಲ್ಲ. ಆ ಹೊರೆ ವಾಪಸು ಬೇಕಿದ್ದದ್ದು ಅವಳಿಗೆ. ತೀರ್ಪಿನ ದಿನ ಅವಳು ಬರಿಗೈಯಲ್ಲಿ ನಿಲ್ಲಬಹುದು. ಉಳಿದವರು ಪ್ರತಿಯೊಬ್ಬರೂ ತಲೆಯ ಮೇಲೆ ತಮ್ಮ ತಮ್ಮ ಕಟ್ಟಿಗೆ ಹೊತ್ತುಕೊಂಡೇ ಬರಬೇಕು.

ಮುಗಿಯಿತು ಕಥೆ. ಈಗ ತಲೆ ಎತ್ತಿ ನನ್ನನ್ನು ನೋಡಿ.

ಇವತ್ತು ಮಧ್ಯಾಹ್ನ ನಾವೆಲ್ಲ ಇಲ್ಲಿ ಜಮಖಾನೆಯ ಮೇಲೆ ನಮಾಜಿಗೆ ನಿಂತಾಗ ಒಬ್ಬ ಮನುಷ್ಯ ಹೊರಗೆ ಚರಂಡಿಯ ಪಕ್ಕ ಗೋಣಿತಾಟು ಹಾಸಿಕೊಂಡು ಒಬ್ಬನೇ ನಮಾಜು ಮಾಡುತ್ತಿದ್ದ. ಯಾರಪ್ಪಾ ಎಂದು ಕೇಳಿದೆ. ಗಾದಿ ಹೊಲಿಯುವ ನನ್ನೇಸಾಬ ಎಂದರು. ಒಳಗೆ ಯಾಕೆ ಬರಲಿಲ್ಲ? ಅವನನ್ನು ಜಮಾತು ಬಿಟ್ಟಿದೆಯಂತೆ, ಬಹಿಷ್ಕಾರವಂತೆ. ಏನು ಮಾಡಿದ? ಕಳ್ಳತನವೇ, ಕೊಲೆಯೇ? ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ: ಖಬರಸ್ಥಾನದ ಗೋಡೆ ಯಾಕೆ ಒಳಗೆ ಸರಿಯಿತು, ನಮ್ಮ ಅಪ್ಪನ ಗೋರಿಯ ಮೇಲೆ ಯಾರ ಅಂಗಡಿಯ ಮೆಟ್ಟಿಲು ಬಂತು? ಅವನು ಕೇಳಿದ್ದು ಇಷ್ಟೇ. ಅಂದಿನಿಂದ ಅವನ ಮನೆಗೆ ಯಾರೂ ಹೋಗಬಾರದು, ಅವನ ಜೊತೆ ಯಾರೂ ಮಾತಾಡಬಾರದು.

ಅಧ್ಯಕ್ಷರೇ, ಎದ್ದು ನಿಲ್ಲಬೇಡಿ. ಮೈಕು ಬಂದ್ ಮಾಡಿಸಬೇಕೇ? ಮಾಡಿಸಿ. ಮೈಕು ಇಲ್ಲದ ಕಾಲದಲ್ಲಿ ಸಂತೆಯಲ್ಲಿ ನಿಂತು ಪ್ರವಚನ ಮಾಡಿದ ಗಂಟಲು ಇದು. ಗೋಡೆಯ ಲೆಕ್ಕ ನೀವು ದೇವರಿಗೆ ಕೊಡುತ್ತೀರಿ, ಅದಕ್ಕೂ ಮೊದಲು ಈ ಜನರಿಗೆ ಕೊಡಬೇಕು. ಆದರೆ ಇವತ್ತು ನನ್ನ ಸಿಟ್ಟು ಮೊದಲು ನಿಮ್ಮ ಮೇಲಲ್ಲ. ಇವರ ಮೇಲೆ. ಇಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರಲ್ಲ, ಇವರ ಮೇಲೆ.

ಓಣಿಯಲ್ಲಿ ನಡೆದು ಬಂದೆ ಎಂದೆನಲ್ಲ, ಕೇಳುತ್ತಲೇ ಬಂದೆ. ನಾಳೆ ನನ್ನೇಸಾಬನ ಮಗಳು ಮಾಲನಬಿಯ ನಿಕಾಹ್. ದರ್ಜಿ ನನಗೆ ಹೇಳಿದ: "ನಾ ಏನೂ ಮಾಡಿಲ್ಲರೀ, ಹೊಲಿಯಾಕ ಪುರಸತ್ತಿಲ್ಲ ಅಂದೆ ಅಷ್ಟ." ಅಡುಗೆಯವ ಹೇಳಿದ: "ನನಗ ಅವರ ಮ್ಯಾಲೆ ಸಿಟ್ಟಿಲ್ಲರೀ, ಬರೇ ಬರಾಕ ಆಗೂದಿಲ್ಲ ಅಂದೆ." ಜಮಾತಿನ ದೊಡ್ಡ ಹಂಡೆ, ಪರಾತಗಳು ಇದೇ ಮಸೀದಿಯ ಕೋಣೆಯಲ್ಲಿವೆ. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಕೊಡುವ ಪಾತ್ರೆಗಳು, ನಿಮ್ಮ ಅಜ್ಜಂದಿರು ಸೇರಿ ತಂದಿಟ್ಟವು. ನನ್ನೇಸಾಬ ಕೇಳಿದರೆ ಕೋಣೆಯ ಕೀಲಿಯೇ ಸಿಗುತ್ತಿಲ್ಲವಂತೆ! ಪರದೆಯ ಆಚೆ ಕುಳಿತ ತಾಯಂದಿರೇ, ನಿಮ್ಮ ಕೈಗಳೇನು ಕಡಿಮೆಯೇ? ಆ ಹುಡುಗಿಯ ಕೈಗೆ ಮದರಂಗಿ ಹಚ್ಚಲು ಒಬ್ಬಳೂ ಹೋಗಿಲ್ಲ. ಹುಡುಗಿ ತನ್ನ ಮದರಂಗಿಯನ್ನು ತಾನೇ ಹಚ್ಚಿಕೊಂಡಿದ್ದಾಳೆ.

ಯಾರೂ ಏನೂ ಮಾಡಿಲ್ಲ! ಕೇಳಿದಿರಾ? ಇಡೀ ಓಣಿಯಲ್ಲಿ ಯಾರೂ ಏನೂ ಮಾಡಿಲ್ಲ, ಆದರೂ ಒಂದು ಮನೆ ಉರಿಯುತ್ತಿದೆ. ನಾಳೆ ಬೆಳಿಗ್ಗೆ ಗಂಡಿನ ಕಡೆಯವರು ಬಂದು ಇಳಿಯುತ್ತಾರೆ. ಅಂಗಳ ಖಾಲಿ, ಒಲೆಯ ಮೇಲೆ ಹಂಡೆ ಇಲ್ಲ, ಬರಮಾಡಿಕೊಳ್ಳಲು ಹಿರಿಯರಿಲ್ಲ. ಜಮಾತು ಬಿಟ್ಟ ಮನೆಯ ಹೆಣ್ಣು ನಮಗೆ ಬೇಡ ಎಂದು ಅವರು ತಿರುಗಿ ಹೋದರೆ ಮಾಲನಬಿ ಮದರಂಗಿಯ ಕೈ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಅವಳು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲವಲ್ಲ! ನಾಳೆಯೂ ಹೀಗೇ ಹೇಳುತ್ತೀರಾ, ನಂದೇನು ಒಂದು ಹೊರೆ ತಾನೇ ಎಂದು? ನಾಚಿಕೆಯಾಗಬೇಕು ನಿಮಗೆ. ದಿನಕ್ಕೆ ಐದು ಹೊತ್ತು ಹಣೆ ನೆಲಕ್ಕೆ ಹಚ್ಚುತ್ತೀರಿ, ಮನುಷ್ಯನ ಎದುರು ಮಾತ್ರ ಬೆನ್ನು ನೆಟ್ಟಗಾಗುವುದಿಲ್ಲ.

ಏನು ಮಾಡಬೇಕು ಎಂದು ಕೇಳಬೇಡಿ, ಹೇಳುತ್ತೇನೆ. ಗೋಡೆ ಕೆಡವಿ ಎಂದು ಹೇಳುವುದಿಲ್ಲ, ಅಂಗಡಿಯ ಮೇಲೆ ಕಲ್ಲು ಎಸೆಯಿರಿ ಎಂದೂ ಹೇಳುವುದಿಲ್ಲ. ನೀವು ಇಟ್ಟ ಕಟ್ಟಿಗೆಯನ್ನು ನೀವು ವಾಪಸು ತೆಗೆಯಿರಿ, ಅಷ್ಟು ಸಾಕು. ದರ್ಜಿಯವರೇ, ನಿಮ್ಮ ಮಷೀನು ಇವತ್ತು ಓಡಬೇಕು. ಅಡುಗೆಯವರೇ, ಬೆಳಗಿನ ನಮಾಜು ಮುಗಿಯುತ್ತಲೇ ಆ ಅಂಗಳದಲ್ಲಿ ನಿಮ್ಮ ಒಲೆ ಹೊತ್ತಬೇಕು. ತಾಯಂದಿರೇ, ಇಲ್ಲಿಂದ ಎದ್ದು ನಿಮ್ಮ ಮನೆಗೆ ಹೋಗಬೇಡಿ, ಆ ಮನೆಗೆ ಹೋಗಿ. ಮತ್ತೆ ನಾಳೆ, ನಾಡಿದ್ದು, ಮುಂದಿನ ವರ್ಷ, ಯಾರಾದರೂ ಬಂದು ಇಂಥವರ ಜೊತೆ ಮಾತು ಬಿಡು ಎಂದರೆ, ಬಾಯಿ ಬಿಟ್ಟು ಕೇಳಿ, ಅವನು ಏನು ಮಾಡಿದ್ದಾನೆ ಎಂದು. ಆ ಕೂಸು ಕೇಳಿತಲ್ಲ, ಅಷ್ಟು ಬುದ್ಧಿ ನಿಮಗೂ ಇರಲಿ. ಪ್ರಶ್ನೆ ಕೇಳಿದ್ದಾನೆ ಎಂಬುದೇ ಉತ್ತರವಾದರೆ ಅವತ್ತೇ ಅವನ ಮನೆಗೆ ಹೋಗಿ ಚಹಾ ಕುಡಿದು ಬನ್ನಿ.

ಅಧ್ಯಕ್ಷರೇ, ನಿಮ್ಮ ಮನೆಯಲ್ಲಿ ನನಗಾಗಿ ಬಿರಿಯಾನಿ ಆಗಿದೆ ಎಂದು ಗೊತ್ತು. ನನಗೆ ಬೇಡ. ನಾನು ನನ್ನೇಸಾಬನ ಮನೆಯಲ್ಲಿ ಇದ್ದದ್ದು ಉಣ್ಣುತ್ತೇನೆ. ಬೆಳಗಿನ ನಮಾಜಿಗೆ ಅವನಿಗೆ ಮೊದಲ ಸಾಲಿನಲ್ಲಿ ಜಾಗ ಬಿಡಿ. ಬಿಡದಿದ್ದರೆ ನಾನೂ ಹೊರಗೆ ಅವನ ಗೋಣಿತಾಟಿನ ಮೇಲೆ ನಿಲ್ಲುತ್ತೇನೆ, ನಮಾಜು ಮಾಡಿಸಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಈಗ ಪಾತ್ರೆಯ ಕೋಣೆಯ ಕೀಲಿ. ಯಾರ ಕಿಸೆಯಲ್ಲಿದೆ? ಕೀಲಿಗೆ ಕಾಲಿಲ್ಲ, ಅದು ಎಲ್ಲಿಗೂ ಓಡಿಹೋಗಿಲ್ಲ. ಇದ್ದವರು ಎದ್ದು ಬನ್ನಿ. ನಾನು ಕಾಯುತ್ತೇನೆ. ಅದು ಬರುವವರೆಗೆ ಪ್ರಾರ್ಥನೆ ಇಲ್ಲ. ಆಗಲೇ ಕೈ ಎತ್ತಿದ್ದೀರಲ್ಲ, ಇಳಿಸಿ. ದೇವರ ಮುಂದೆ ಕೈ ಎತ್ತುವ ಮೊದಲು ಆ ಕೈಯಲ್ಲಿರುವ ಕಟ್ಟಿಗೆ ಕೆಳಗಿಡಿ.