ಅತ್ತೆಗೆ ಹೇಳಿದ ತೀರ್ಪು

ಒಂದಾನೊಂದು ಊರಲ್ಲಿ ಎಷ್ಟು ಓದಿದರೂ ಓದು ಮುಗಿಯದ ಹುಡುಗಿಯೊಬ್ಬಳಿದ್ದಳು. ಊರು ಹಿರೀಸಾವೆ, ಹುಡುಗಿ ಮೇಘಶ್ರೀ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ತೀರ್ಪುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಅವಳು, ಊರಿಗೆ ಹೋಗುವ ಬಸ್ ಬರುವುದರೊಳಗೆ ಅದನ್ನು ಸೋದರತ್ತೆಗೆ ತಿಳಿಯುವಂತೆ ಹೇಳುತ್ತೇನೆಂದು ಮಾತು ಕೊಟ್ಟಿದ್ದಳು. ಅವಳು ಹೇಳಿದ್ದು ನಿಲ್ದಾಣದಲ್ಲಿದ್ದವರಿಗೆಲ್ಲ ಕೇಳಿಸಿತು.

“ತಾತನ ಕಾಲದ ಆಸ್ತೀಲಿ ಮಗನಷ್ಟೇ ಮಗಳಿಗೂ ಪಾಲು, ಅತ್ತೆ.”

“ಇದ್ನ ಹೇಳಕ್ಕೆ ಅಷ್ಟ್ ವರ್ಸ ಓದ್ದೇನವ್ವ?”

“ಕೋರ್ಟು ಒಪ್ಪಕ್ಕೆ ಇನ್ನೂ ಜಾಸ್ತಿ ಹಿಡೀತು.”

“ಅಂಗಾರೆ ನಮ್ಮಪ್ಪನ ಗದ್ದೇಲಿ ನಂಗೂ ಅದೆ?”

“ಭಾಗ ಆಗಿಲ್ವಲ್ಲ, ಅದೆ.”

“ಅದ್ನ ಉಳ್ತಿರೋದು ನಿಮ್ಮಪ್ಪ ಕಣಮ್ಮಿ!”

ಮೇಘಶ್ರೀ ಬಸ್ ಬರುವ ದಾರಿಯತ್ತ ತಿರುಗಿದಳು. ಬಸ್ಸೂ ಬಂತು.

“ಯಾಕವ್ವ, ತೀರ್ಪು ಮರ್ತೋಯ್ತಾ?”

ಮೇಘಶ್ರೀ ಅಪ್ಪನಿಗೆ ಫೋನ್ ಮಾಡಿದಳು. “ಅಪ್ಪಾ, ಅತ್ತೆ ಬತ್ತಾವ್ರೆ. ಗದ್ದೇಲಿ ಅರ್ಧ ಅವರ್ದು.”

“ಯಾವನಮ್ಮಿ ಅಂಗಂದೋನು?” ಆ ಕೂಗು ಕಂಡಕ್ಟರಿಗೂ ಕೇಳಿಸಿತು.

“ಅಂದಿದ್ದು ಕೋರ್ಟು ಕಣಪ್ಪ. ಅತ್ತೆಗೆ ಹೇಳಿದ್ದು ನಾನು.”

ಇಬ್ಬರೂ ಬಸ್ ಹತ್ತಿದರು.