ಎಂಟು ತಂಡಗಳು ಮತ್ತು ಒಂದು ಮೊಣಕಾಲು

ಸಭೆಯ ಅಧ್ಯಕ್ಷರೂ ನಮ್ಮ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರೂ ಆದ ಹಂಝ ಸಾಹೇಬರೇ, ಒಂದಕ್ಷರ ಕನ್ನಡ ಬಾರದಿದ್ದರೂ ಹಂಝ ಸಾಹೇಬರ ಪಿಸುಮಾತಿನ ಅನುವಾದ ನಂಬಿಕೊಂಡು ಎರಡು ಗಂಟೆಯಿಂದ ನಗುತ್ತಾ ಕುಳಿತಿರುವ ಮುಖ್ಯ ಅತಿಥಿ, ನಮ್ಮ ಅಮೆರಿಕನ್ ಮ್ಯಾನೇಜರ್ ಹಾಲ್ವರ್ಸನ್ ಅವರೇ, ಬಳಗದ ಪದಾಧಿಕಾರಿಗಳೇ, ಬಿರಿಯಾನಿಯ ವಾಸನೆ ಬಂದರೂ ಕುರ್ಚಿ ಬಿಡದ ಸಹನಶೀಲ ಸಭಿಕರೇ,

ರಕ್ತದಾನ ಮಾಡಿದವರಿಗೆ ಶಾಲು ಹೊದಿಸುವುದನ್ನು ನೋಡಿದ್ದೇನೆ. ರ‍್ಯಾಂಕ್ ಬಂದ ಮಕ್ಕಳಿಗೆ ಹೊದಿಸುವುದನ್ನೂ ನೋಡಿದ್ದೇನೆ. ಅಮೆರಿಕದ ಫುಟ್‌ಬಾಲಿನಲ್ಲಿ ಯಾರು ಗೆಲ್ಲುತ್ತಾರೆಂದು ಊಹಿಸಿದವನಿಗೆ ಶಾಲು ಹೊದಿಸಿದ ಕನ್ನಡ ಬಳಗ ಭೂಮಿಯ ಮೇಲೆ ಇನ್ನೊಂದು ಇದೆಯೇ? ಇರಲಾರದು. ಆದರೆ ಈ ಶಾಲು ತಪ್ಪು ಹೆಗಲಿಗೆ ಬಿದ್ದಿದೆ. ಅದನ್ನು ಹೇಳದೆ ಮೈಕು ಬಿಟ್ಟರೆ, ಎರಡನೇ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿ ಮರ್ಸಿ ಇವತ್ತು ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅಲ್ಲಿ ಮೂವತ್ತೆರಡು ತಂಡಗಳು, ನಾಲ್ಕು ನಾಲ್ಕರಂತೆ ಎಂಟು ಗುಂಪು. ಶುಐಬಾದ ನಮ್ಮ ಆಫೀಸಿನ ಚಹಾ ಕೋಣೆಯಲ್ಲಿ ಪ್ರತಿ ಆಗಸ್ಟ್ ಕೊನೆಗೆ ಒಂದು ಹಾಳೆ ಹಂಚುತ್ತಾರೆ. ಆಟ ಶುರುವಾಗುವ ಮೊದಲೇ ಎಂಟು ಗುಂಪಿಗೂ ಒಂದೊಂದು ವಿಜೇತ ತಂಡವನ್ನು ಬರೆದು ಕೊಡಬೇಕು. ಹೆಚ್ಚು ಸರಿ ಬಂದವರಿಗೆ ಬಹುಮಾನ, ಒಂದು ವರ್ಷ ಆಫೀಸಿನ ಬಾಗಿಲ ಪಕ್ಕದಲ್ಲೇ, ನೆರಳಿನ ಚಪ್ಪರದ ಕೆಳಗೆ ಕಾರು ನಿಲ್ಲಿಸುವ ಜಾಗ. ಕೊಲ್ಲಿಯ ಈ ಮರಳುಗಾಡಿನ ಜುಲೈಯಲ್ಲಿ ಸ್ಟಿಯರಿಂಗ್ ಮುಟ್ಟಿ ಕೈ ಸುಟ್ಟುಕೊಂಡ ನಿಮಗೆ ಇದರ ಬೆಲೆಯನ್ನು ನಾನು ವಿವರಿಸಬೇಕೇ?

ಮೊದಲ ವರ್ಷ ಹಾಳೆಯನ್ನು ನಾನೇ ತುಂಬಿಸಿದೆ. ಅಮೆರಿಕನ್, ನ್ಯಾಷನಲ್ ಎಂಬ ಎರಡು ವಿಭಾಗದಲ್ಲೂ ಗುಂಪುಗಳ ಹೆಸರು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ನೋಡಿದರೆ ಟೆಕ್ಸಾಸಿನ ಡಲ್ಲಾಸ್ ಪೂರ್ವದಲ್ಲಿ ಕುಳಿತಿದೆ. ಕಟ್ಟಡಕ್ಕೆ ಕಟ್ಟಿದ ಸ್ಕ್ಯಾಫೋಲ್ಡಿಂಗ್ ಹತ್ತಿ ತಪ್ಪು ಹುಡುಕುವುದೇ ನನ್ನ ಕೆಲಸ. ತಪ್ಪು ಕಂಡರೆ ಸುಮ್ಮನಿರಲು ನನ್ನಿಂದಾಗುತ್ತದೆಯೇ? ಕೆಂಪು ಶಾಯಿಯಲ್ಲಿ ಡಲ್ಲಾಸನ್ನು ಪಶ್ಚಿಮಕ್ಕೆ ಎಳೆದು, ತಿದ್ದಿ ಮರಳಿಸತಕ್ಕದ್ದು ಎಂದು ಬರೆದು, ಸಹಿ ಹಾಕಿ ಕಳುಹಿಸಿದೆ. ಇಡೀ ಆಫೀಸು ಒಂದು ವಾರ ನಕ್ಕಿತು. ಕೊನೆಗೆ ಹಂಝ ಸಾಹೇಬರೇ ಸಮಾಧಾನ ಹೇಳಿದರು: "ಕಾಸರಗೋಡು ಕೇರಳದಲ್ಲಿ ಉಂಟಲ್ಲ ಯೂಜಿನ್, ಇದೂ ಹಾಗೇ ಅಂತ ತಿಳ್ಕೊಳ್ಳಿ ಮಾರಾಯ್ರೆ." ಆಮೇಲೆ ನನಗೆ ಅಮೆರಿಕದ ಭೂಗೋಳ ಅರ್ಥವಾಯಿತು.

ಮರು ವರ್ಷ ಹಾಳೆ ಮರ್ಸಿಯ ಕಣ್ಣಿಗೆ ಬಿತ್ತು. ಜಾಬ್ರಿಯಾದ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ನರ್ಸ್ ಅವಳು, ಇಪ್ಪತ್ತೆರಡು ವರ್ಷದಿಂದ. ಆಟದ ನಿಯಮ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ದೊಡ್ಡ ಗಂಡಸರು ಒಬ್ಬರ ಮೇಲೊಬ್ಬರು ಯಾಕೆ ಬೀಳುತ್ತಾರೆ ಎಂದು ಕೇಳುತ್ತಾಳೆ. ಆದರೆ ತಂಡ ಆರಿಸಲು ನಾನು ಬಿಡಿಸಿಟ್ಟ ಪತ್ರಿಕೆಯ ಮೂಲೆಯಲ್ಲಿ ಗಾಯಾಳುಗಳ ಪಟ್ಟಿ ಇತ್ತು. ಅದರ ಮೇಲೆ ಬೆರಳಿಟ್ಟು ಹೇಳಿದಳು: "ಮೇ ತಿಂಗಳಲ್ಲಿ ಲಿಗಮೆಂಟ್ ಹರಿದವ ಸೆಪ್ಟೆಂಬರಿಗೆ ಓಡ್ತಾನಾ? ಈ ತಂಡ ಹೊಡೆದು ಹಾಕಿ." ಹೊಡೆದು ಹಾಕಿದೆ. ಅಂದಿನಿಂದ ಪ್ರತಿ ಆಗಸ್ಟ್ ನಮ್ಮ ಊಟದ ಮೇಜಿನ ಮೇಲೆ ವಾರ್ಡ್ ರೌಂಡ್. ಯಾರು ಎಸೆಯುತ್ತಾನೆ, ಯಾರು ಹಿಡಿಯುತ್ತಾನೆ ಅವಳಿಗೆ ಬೇಡ. ಯಾರ ಭುಜ, ಯಾರ ಪಾದ ಡಿಸೆಂಬರ್ ತನಕ ಬಾಳುತ್ತದೆ, ಅಷ್ಟೇ ಬೇಕು. ಏಳು ವರ್ಷ, ಏಳು ಸಲವೂ ನೆರಳು ನನ್ನ ಕಾರಿಗೇ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಮದ್ದನ್ನೆಲ್ಲ ಹಿತ್ತಲಿಂದಲೇ ಕಿತ್ತು ತಂದು, ಊರ ಮುಂದೆ ನಾನೇ ಪಂಡಿತನೆಂದು ತಿರುಗಿದೆ. ಏಳು ವರ್ಷದಲ್ಲಿ ಒಂದು ಸಲವೂ ಅವಳ ಹೆಸರು ಹೇಳಲಿಲ್ಲ. ಈ ವರ್ಷ ಅವಳು ಷರತ್ತು ಹಾಕಿದಳು: ವೇದಿಕೆಯಲ್ಲಿ ಸತ್ಯ ಹೇಳಬೇಕು, ಇಲ್ಲವಾದರೆ ಹಾಳೆ ನೀವೇ ತುಂಬಿಸಿಕೊಳ್ಳಿ. ಈಗ ಹೇಳಿಯಾಯಿತು. ಸಭಿಕರೇ, ನಿಮ್ಮ ಚಪ್ಪಾಳೆ ಅವಳಿಗೆ.

ಇಲ್ಲಿಗೆ ಬರುವಾಗ ಅಂಟಿಸಿದ ಲಕೋಟೆ ಕೊಟ್ಟಳು. 2012ರ ಹಾಳೆ ಇದರೊಳಗಿದೆ, ನಾನೂ ನೋಡಿಲ್ಲ. ನಿಮ್ಮೆದುರೇ ಓದುತ್ತೇನೆ. ಅಮೆರಿಕನ್ ವಿಭಾಗ: ಪೂರ್ವ, ನ್ಯೂ ಇಂಗ್ಲೆಂಡ್. ಉತ್ತರ, ಬಾಲ್ಟಿಮೋರ್. ದಕ್ಷಿಣ, ಹ್ಯೂಸ್ಟನ್. ಪಶ್ಚಿಮ, ಡೆನ್ವರ್. ನ್ಯಾಷನಲ್ ವಿಭಾಗ: ಪೂರ್ವ, ವಾಷಿಂಗ್ಟನ್. ಹಾಲ್ವರ್ಸನ್ ಸಾಹೇಬರು ಆಗಲೇ ತಲೆ ಅಲ್ಲಾಡಿಸುತ್ತಿದ್ದಾರೆ, ಇರಲಿ. ಉತ್ತರ, ಗ್ರೀನ್ ಬೇ. ದಕ್ಷಿಣ, ಅಟ್ಲಾಂಟಾ. ಪಶ್ಚಿಮ, ಸ್ಯಾನ್ ಫ್ರಾನ್ಸಿಸ್ಕೋ. ಒಂಬತ್ತು, ಯೂಜಿನ್. ಎಡ ಮೊಣಕಾಲು, ಎರಡು ವರ್ಷದಿಂದ. ಈ ಸೀಸನ್ ಪೂರ್ತಿ ಹೊರಗೆ.

ಕ್ಷಮಿಸಿ. ಓದುವ ಭರದಲ್ಲಿ ಓದಿಬಿಟ್ಟೆ. ಹಂಝ ಸಾಹೇಬರೇ, ಇದೊಂದನ್ನು ಅನುವಾದ ಮಾಡಬೇಡಿ. ಮಾಡಿಯಾಯಿತೇ? ಖಲಾಸ್.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಕಳೆದೆರಡು ವರ್ಷ ಆ ನೆರಳಿನ ಜಾಗ ನನಗೆ ಬೇಕಾದದ್ದು ಬಿಸಿಲಿಗಾಗಿ ಅಲ್ಲ. ಹೊರಗಿನ ಮೈದಾನದಲ್ಲಿ ಕಾರು ಬಿಟ್ಟರೆ ಬಾಗಿಲಿಗೆ ನಾನೂರು ಹೆಜ್ಜೆ. ನೆರಳಿನಿಂದ ಮೂವತ್ತು. ನಾನು ನಾನೂರು ಹೆಜ್ಜೆ ನಡೆಯುವುದನ್ನು ಒಮ್ಮೆ ನೋಡಿದರೆ ಸಾಕು, ಏಣಿ ಹತ್ತಲು ಯಾರೂ ಬಿಡುತ್ತಿರಲಿಲ್ಲ. ಕೆಲಸ ಹೋದರೆ ಇಕಾಮಾ ಹೋಯಿತು, ಇಲ್ಲಿ ವಾಸಿಸುವ ಪರವಾನಗಿಯೇ ಹೋಯಿತು, ಮಗಳು ಕ್ಲಾರಿಸ್ಸಾಳ ಓದು ಇನ್ನೂ ಎರಡು ವರ್ಷ ಇದೆ. ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಎದೆಯಿಂದ ಕೆಳಗೆ ನೋಡುವ ಪುರುಸೊತ್ತು ಯಾರಿಗಿದೆ? ಬೆಳಿಗ್ಗೆ ಎರಡು ಮಾತ್ರೆ ನುಂಗಿ ಹತ್ತುತ್ತೇನೆ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಮರ್ಸಿ ಹೇಳಿದಾಗಲೆಲ್ಲ ಕೆಲಸದ ನೆಪ ಹೇಳಿದೆ. ನಿಜ ಹೇಳಲೇ? ಆ ಆಪರೇಷನ್ ಮೇಜಿನ ಮೇಲೆ ಮಲಗಲು ನನಗೆ ಹೆದರಿಕೆ. ಮೊನ್ನೆ ಅವಳು ಜಗಳವಾಡಲಿಲ್ಲ, ಪಾತ್ರೆ ತೊಳೆಯುತ್ತಾ ಇಷ್ಟೇ ಹೇಳಿದಳು: "ಮೇಲಿಂದ ಬಿದ್ದರೆ ನಿಮ್ಮನ್ನು ನನ್ನ ವಾರ್ಡಿಗೇ ತರ್ತಾರೆ. ಅದನ್ನು ನಾನು ನೋಡ್ಬೇಕಾ?"

 

ಹಂಝ ಸಾಹೇಬರು ಏನೋ ಹೇಳುತ್ತಿದ್ದಾರೆ. ವಾರದ ಕೆಲಸ ಶುರುವಾಗುವ ಭಾನುವಾರ ಬೆಳಿಗ್ಗೆ ಏಣಿಯ ಹತ್ತಿರ ಹೋಗಬಾರದಂತೆ, ನೇರ ಮ್ಯಾನೇಜರರ ಕೋಣೆಗೆ ಬರಬೇಕಂತೆ. ಇದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅವರ ಮುಖ ನೋಡಿ ತಿಳಿಯುವಂತಿಲ್ಲ. ಆಫೀಸಿನಲ್ಲೂ ಅವರದ್ದು ಇದೇ ಮುಖ. ಬರುತ್ತೇನೆ ಸಾಹೇಬರೇ. ಬರದಿದ್ದರೆ ಮರ್ಸಿ ಬಿಡುವವಳಲ್ಲ.

ಹಾಳೆಯ ಮೇಲೆ ನನ್ನ ಹೆಸರಿದೆ. ಅದನ್ನು ಇಗೋ, ಹೊಡೆದು ಹಾಕಿದೆ. ಮರ್ಸಿ ಎಂದು ಬರೆದೆ. ಹಾಲ್ವರ್ಸನ್ ಅವರೇ, ಹೊರಗಿನವರು ಬರೆಯಬಾರದೆಂಬ ನಿಯಮವಿದ್ದರೆ ಏಳು ವರ್ಷದ ಹಿಂದೆಯೇ ಮುರಿದಾಗಿದೆ.

ಶಾಲು ಹೊದಿಸಿದ ಬಳಗಕ್ಕೆ, ಅನುವಾದ ನಿಲ್ಲಿಸದ ಅಧ್ಯಕ್ಷರಿಗೆ, ನಗುತ್ತಾ ಬಂದು ಬಿರಿಯಾನಿ ಆರುವ ತನಕ ಕೇಳಿದ ನಿಮಗೆಲ್ಲ ನಾನು ಋಣಿ. ಈ ವೇದಿಕೆಗೆ ಮೂರು ಮೆಟ್ಟಿಲು. ಹತ್ತುವಾಗ ಯಾರೂ ನೋಡದಂತೆ ಹತ್ತಿದೆ. ಇಳಿಯುವಾಗ ನೋಡಿದರೂ ಪರವಾಗಿಲ್ಲ. ಮರ್ಸಿ, ಸ್ವಲ್ಪ ಇಲ್ಲಿ ಬಾ, ಕೈ ಕೊಡು.

ಎಲ್ಲರಿಗೂ ನಮಸ್ಕಾರ.